ಅಕ್ಷರ ಯಾರದು, ಎಷ್ಟು ಖಾತ್ರಿ?

1956ರ ಜುಲೈ 4. ಅಮೆರಿಕದವರಿಗೆ ಅದು ಸ್ವಾತಂತ್ರ್ಯ ದಿನದ ರಜೆ. ನ್ಯೂಯಾರ್ಕ್ ಹೊರವಲಯದ ಲಾಂಗ್ ಐಲೆಂಡ್‌ನ ಒಂದು ಮನೆಯ ಅಂಗಳದಲ್ಲಿ ತಳ್ಳುಗಾಡಿಯೊಳಗೆ ಮಲಗಿಸಿದ್ದ ಒಂದು ತಿಂಗಳ ಕೂಸನ್ನು ಯಾರೋ ಎತ್ತಿಕೊಂಡು ಹೋದರು. ಹೋದವನು ಬಿಟ್ಟುಹೋದದ್ದು ಹಣ ಕೇಳಿ ಬರೆದ ಒಂದು ಚೀಟಿ. ಕೆಲವು ದಿನಗಳ ಮೇಲೆ ಇನ್ನೊಂದು ಚೀಟಿ ಸಿಕ್ಕಿತು. ಆ ಅಕ್ಷರಗಳನ್ನು ಬಿಟ್ಟರೆ ಪೊಲೀಸರಿಗೆ ಹಿಡಿದು ಹೋಗಲು ಜಾಡೇ ಇರಲಿಲ್ಲ. ಆದರೆ ಬರೆದವನ ಕೈ ಸಾಧಾರಣದ್ದಲ್ಲ. ಅವನ ಇಂಗ್ಲಿಷ್ ಸಣ್ಣ ‘ಎಂ’ ಮಗ್ಗುಲಾಗಿ ಮಲಗಿದ ‘ಝಡ್’ನಂತೆ ಕಾಣುತ್ತಿತ್ತು.

ಎಫ್‌ಬಿಐನ ಕೈಬರಹ ತಜ್ಞರು ಏಜೆಂಟರನ್ನು ಕೂರಿಸಿಕೊಂಡು ಈ ಅಕ್ಷರಗಳ ಗುರುತು ಹಿಡಿಯುವ ಪಾಠ ಹೇಳಿಕೊಟ್ಟರು. ಏಜೆಂಟರು ಮೋಟಾರು ವಾಹನ ಕಚೇರಿ, ಶಾಲೆ, ಕಾರ್ಖಾನೆ, ಪ್ರೊಬೇಷನ್ ಕಚೇರಿಗಳಿಗೆ ಹೋಗಿ ಕಡತಗಳನ್ನು ತಿರುವಿಹಾಕತೊಡಗಿದರು. ಆಗಸ್ಟ್ 22ರ ಹೊತ್ತಿಗೆ ಕಣ್ಣಾಡಿಸಿ ಬದಿಗಿಟ್ಟ ಬರಹಗಳು ಹತ್ತಿರ ಹತ್ತಿರ 20 ಲಕ್ಷ. ಕೊನೆಗೆ ಬ್ರೂಕ್ಲಿನ್‌ನ ಪ್ರೊಬೇಷನ್ ಕಚೇರಿಯಲ್ಲಿ, ಕಳ್ಳಬಟ್ಟಿ ಕೇಸಿನ ಆಸಾಮಿಯೊಬ್ಬನ ಕಡತದಲ್ಲಿ, ಅದೇ ‘ಎಂ’ ಸಿಕ್ಕಿತು. ಅವನು ತಪ್ಪೊಪ್ಪಿಕೊಂಡ. ಕೂಸು ಮಾತ್ರ ಬದುಕಿರಲಿಲ್ಲ.

ಏಳು ವಾರ, 20 ಲಕ್ಷ ಹಾಳೆ. ಇಂಥ ದುಡಿಮೆಗೆ ಕಂಪ್ಯೂಟರ್ ಹೇಳಿ ಮಾಡಿಸಿದ ಯಂತ್ರ ಎಂದು ಯಾರಿಗಾದರೂ ಹೊಳೆಯುತ್ತದೆ. ಜರ್ಮನರಿಗೂ ಹೊಳೆಯಿತು. ಅಲ್ಲಿನ ಕೇಂದ್ರ ಅಪರಾಧ ಪೊಲೀಸ್ ಸಂಸ್ಥೆ ಬಿಕೆಎ 1980ರ ದಶಕದಲ್ಲಿ ‘ಫಿಶ್’ ಎಂಬ ವ್ಯವಸ್ಥೆ ಕಟ್ಟಿತು. ಬೆದರಿಕೆ ಪತ್ರವೊಂದು ಬಂದರೆ ಅದನ್ನು ಸ್ಕ್ಯಾನ್ ಮಾಡಿ, ಅಕ್ಷರಗಳ ಎತ್ತರ, ಅಗಲ, ಓರೆ, ಸಾಲುಗಳ ನಡುವಿನ ಅಂತರ ಅಳೆದು, ಹಳೆಯ ಸಂಗ್ರಹದಲ್ಲಿ ಇದನ್ನು ಹೋಲುವ ಕೈಗಳು ಯಾವುವು ಎಂದು ಅದು ಪಟ್ಟಿ ಕೊಡುತ್ತಿತ್ತು. ಅಮೆರಿಕದ ಸೀಕ್ರೆಟ್ ಸರ್ವಿಸ್ ಕೂಡ ಅದನ್ನೇ ತರಿಸಿಕೊಂಡಿತು. ಅಧ್ಯಕ್ಷರಿಗೆ ಬರುವ ಬೆದರಿಕೆ ಕಾಗದಗಳಿಗೆ ಅಲ್ಲಿ ಬರವಿಲ್ಲವಲ್ಲ.

ಆದರೆ ಪಟ್ಟಿ ಕೊಡುವುದು ಬೇರೆ, ಕೋರ್ಟಿನ ಕಟಕಟೆಯಲ್ಲಿ ನಿಂತು ‘ಇದು ಇವನದೇ ಕೈ’ ಎನ್ನುವುದು ಬೇರೆ. ಪಟ್ಟಿಯಲ್ಲಿ ತಪ್ಪು ಹೆಸರು ನುಸುಳಿದರೆ ಪೊಲೀಸರ ಒಂದು ದಿನ ಹಾಳಾಗುತ್ತದೆ, ಅಷ್ಟೆ. ಸಾಕ್ಷ್ಯದಲ್ಲಿ ನುಸುಳಿದರೆ ಒಂದು ಆಸ್ತಿ ಹೋಗುತ್ತದೆ, ಒಂದು ನೌಕರಿ ಹೋಗುತ್ತದೆ, ಒಬ್ಬ ಜೈಲಿಗೆ ಹೋಗುತ್ತಾನೆ. ಯಂತ್ರ ಬಂದಮೇಲೆ ಈ ಎರಡನೆಯ ಕೆಲಸದಲ್ಲಿ ಏನು ಬದಲಾಯಿತು ಎಂಬುದೇ ಕುತೂಹಲದ ಸಂಗತಿ. ಯಂತ್ರದ ಕಣ್ಣು ಮನುಷ್ಯನದಕ್ಕಿಂತ ಚುರುಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನನಗೆ ಅದು ದೊಡ್ಡ ವಿಷಯ ಅನ್ನಿಸುವುದಿಲ್ಲ. ‘ಎಷ್ಟು ಖಾತ್ರಿ, ಯಾರಿಗೆ ಹೋಲಿಸಿ ಖಾತ್ರಿ?’ ಎಂಬ ಪ್ರಶ್ನೆಗೆ ತಜ್ಞರು ಉತ್ತರ ಕೊಡಲೇಬೇಕಾಗಿ ಬಂದದ್ದು ದೊಡ್ಡದು.

ಸಂಖ್ಯೆಯ ಮೋಹ

ಕೈಬರಹಕ್ಕೆ ಲೆಕ್ಕ ಹಚ್ಚುವ ಆಸೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1868ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ವಿಲ್ ಮೊಕದ್ದಮೆ ನಡೆಯಿತು. ಸಿಲ್ವಿಯಾ ಆನ್ ಹೌಲಂಡ್ ಎಂಬ ಸಿರಿವಂತೆ 1865ರಲ್ಲಿ ತೀರಿಕೊಂಡಿದ್ದರು. ಅವರ ಸೋದರ ಸಂಬಂಧದ ಹುಡುಗಿ ಹೆಟ್ಟಿ ರಾಬಿನ್ಸನ್, ಆಸ್ತಿಯೆಲ್ಲ ತನಗೇ ಸೇರಬೇಕೆನ್ನುವ ವಿಲ್ ಒಂದನ್ನು ಮುಂದಿಟ್ಟಳು. (ಮುಂದೆ ಹೆಟ್ಟಿ ಗ್ರೀನ್ ಎಂಬ ಹೆಸರಿನಲ್ಲಿ ವಾಲ್ ಸ್ಟ್ರೀಟನ್ನು ನಡುಗಿಸಿದ ಮಹಾ ಜಿಪುಣಿ ಈಕೆಯೇ.) ಅದಕ್ಕೆ ಲಗತ್ತಿಸಿದ್ದ ಹೆಚ್ಚುವರಿ ಪುಟದ ಸಹಿಯನ್ನು ಮೂಲ ವಿಲ್‌ನ ಸಹಿಯ ಮೇಲೆ ಇಟ್ಟರೆ ಗೆರೆಗೆ ಗೆರೆ ಕೂರುತ್ತಿತ್ತು. ಹಾಗೆ ಕೂತದ್ದೇ ಎದುರು ಪಕ್ಷದವರ ಸಂಶಯಕ್ಕೆ ಕಾರಣ. ಯಾವ ಮನುಷ್ಯನೂ ಎರಡು ಸಲ ಒಂದೇ ಬಗೆಯಲ್ಲಿ ಸಹಿ ಹಾಕಲಾರ.

ಹಾರ್ವರ್ಡ್‌ನ ಗಣಿತಜ್ಞ ಬೆಂಜಮಿನ್ ಪರ್ಸ್ ಸಾಕ್ಷಿಗೆ ಬಂದರು. ಅವರ ಮಗ ಚಾರ್ಲ್ಸ್, ಮುಂದೆ ದೊಡ್ಡ ತತ್ವಜ್ಞಾನಿ, ಸಿಲ್ವಿಯಾರ 42 ಅಸಲಿ ಸಹಿಗಳ ಫೋಟೊಗಳನ್ನು ಜೋಡಿ ಜೋಡಿಯಾಗಿ ಒಂದರ ಮೇಲೊಂದಿಟ್ಟು ನೋಡಿದ್ದರು. ಒಟ್ಟು 861 ಜೋಡಿ. ಪ್ರತಿ ಸಹಿಯಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ 30 ಗೆರೆಗಳು. ಸರಾಸರಿ ಐದರಲ್ಲಿ ಒಂದು ಗೆರೆ ಹೊಂದುತ್ತಿತ್ತು. ಹಾಗಾದರೆ 30ಕ್ಕೆ 30ರೂ ಹೊಂದುವ ಸಂಭವ? 5ನ್ನು 30 ಬಾರಿ ಗುಣಿಸುತ್ತ ಹೋಗಿ ಎಂದರು ಹಿರಿಯ ಪರ್ಸ್. ಬರುವುದು 21 ಅಂಕೆಗಳ ಸಂಖ್ಯೆ, ಅಷ್ಟರಲ್ಲಿ ಒಂದು. ಇಂಥದ್ದು ಈ ಲೋಕದಲ್ಲಿ ತಾನಾಗಿ ನಡೆಯುವಂಥದ್ದೇ ಅಲ್ಲ ಎನ್ನುವುದು ಅವರ ವಾದ.

ಗಣಿತ ಓದಿದವರಿಗೆ ಇಲ್ಲಿನ ಬಿರುಕು ಕಾಣುತ್ತದೆ. ಹಾಗೆ ಗುಣಿಸಬೇಕಾದರೆ ಒಂದು ಗೆರೆಗೂ ಇನ್ನೊಂದಕ್ಕೂ ಸಂಬಂಧ ಇರಬಾರದು. ಸಹಿಯಲ್ಲಿ ಹಾಗಾಗುವುದಿಲ್ಲ. ಒಂದೇ ಮೇಜು, ಒಂದೇ ಭಂಗಿ, ಒಂದೇ ಗಳಿಗೆಯಲ್ಲಿ ಹಾಕಿದ ಎರಡು ಸಹಿಗಳ ಮೊದಲ ಮೂರು ಗೆರೆ ಹೊಂದಿದರೆ ನಾಲ್ಕನೆಯದು ಹೊಂದುವ ಸಂಭವ ತಾನಾಗಿಯೇ ಏರುತ್ತದೆ. ಕೋರ್ಟು ಮಾತ್ರ ಈ ಗೋಜಿಗೆ ಹೋಗಲಿಲ್ಲ. ಹೆಟ್ಟಿಯ ಸಾಕ್ಷ್ಯವೇ ಸಲ್ಲದು ಎಂಬ ಕಾನೂನಿನ ಅಂಶ ಹಿಡಿದು ಅವಳನ್ನು ಸೋಲಿಸಿತು. ಸಹಿ ನಕಲಿಯೇ ಇದ್ದಿರಬಹುದು. 21 ಅಂಕೆಯ ಆ ಖಾತ್ರಿ ಮಾತ್ರ ಬರೀ ಗಾಳಿ.

ಇನ್ನೂ ಕೆಟ್ಟದ್ದು ಪ್ಯಾರಿಸ್‌ನಲ್ಲಿ ನಡೆಯಿತು. ಜರ್ಮನರಿಗೆ ಸೇನೆಯ ಗುಟ್ಟು ಮಾರಿದ ಆರೋಪದಲ್ಲಿ 1894ರಲ್ಲಿ ಫ್ರೆಂಚ್ ಅಧಿಕಾರಿ ಕ್ಯಾಪ್ಟನ್ ಡ್ರೇಫಸ್‌ಗೆ ಶಿಕ್ಷೆಯಾಯಿತು. ಸಹಿಯಿಲ್ಲದ ಒಂದು ಕಾಗದವೇ ಮುಖ್ಯ ಆಧಾರ. ಅಪರಾಧಿಗಳ ಮೈ ಅಳತೆ ತೆಗೆಯುವ ಪದ್ಧತಿಯಿಂದ ಜಗತ್ಪ್ರಸಿದ್ಧನಾಗಿದ್ದ ಅಲ್ಫೋನ್ಸ್ ಬರ್ಟಿಯೋ ಕೈಬರಹ ತಜ್ಞನಲ್ಲ. ಆದರೂ ಅಭಿಪ್ರಾಯ ಕೊಟ್ಟ. ಅಕ್ಷರ ಡ್ರೇಫಸ್‌ನದಕ್ಕೆ ಹೋಲದ ಕಡೆಗಳಲ್ಲಿ, ಅವನೇ ಬೇಕೆಂದು ತನ್ನ ಕೈಯನ್ನು ತಾನೇ ನಕಲು ಮಾಡಿದ್ದಾನೆ ಎಂದ! ಹೋಲಿದರೂ ಅವನೇ, ಹೋಲದಿದ್ದರೂ ಅವನೇ. ಜೊತೆಗೆ ಸಂಭವನೀಯತೆಯ ಲೆಕ್ಕ ಬೇರೆ. ಕಾಗದದಲ್ಲಿ ಮರುಕಳಿಸಿದ ಪದಗಳ ಆರಂಭ ಮತ್ತು ಅಂತ್ಯ ಸೇರಿ 26 ಕಡೆ ಪರೀಕ್ಷಿಸಿ, 4 ಕಡೆ ಹೊಂದಾಣಿಕೆ ಕಂಡು, ಐದಕ್ಕೊಂದರಂತೆ ನಾಲ್ಕು ಸಲ ಗುಣಿಸಿ, ಇದು ಆಕಸ್ಮಿಕವಲ್ಲ ಎಂದುಬಿಟ್ಟ. ಐದಕ್ಕೊಂದು ಎಂದರೆ 26ರಲ್ಲಿ 5 ತಾನಾಗಿಯೇ ಸಿಗಬೇಕು. ಸಿಕ್ಕಿದ್ದು ಅದಕ್ಕಿಂತಲೂ ಒಂದು ಕಡಿಮೆ. 1904ರಲ್ಲಿ ಆನ್ರಿ ಪ್ವಾಂಕರೆ ಮತ್ತು ಇನ್ನಿಬ್ಬರು ಗಣಿತಜ್ಞರು ಈ ಲೆಕ್ಕವನ್ನು ಬಿಡಿಸಿ ನೋಡಿ, ಹುರುಳಿಲ್ಲ ಎಂದು ವರದಿ ಕೊಟ್ಟರು. 1906ರಲ್ಲಿ ಡ್ರೇಫಸ್ ದೋಷಮುಕ್ತನಾದ. ಕಾಗದ ಬರೆದವನು ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಅಧಿಕಾರಿ.

ಇಷ್ಟಾದ ಮೇಲೆ ಕೈಬರಹದವರು ಸಂಖ್ಯೆಯ ಸಹವಾಸ ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. 1910ರಲ್ಲಿ ಆಲ್ಬರ್ಟ್ ಆಸ್ಬರ್ನ್ ಬರೆದ ಪುಸ್ತಕ ಈ ವೃತ್ತಿಯ ವೇದವಾಯಿತು. ಭೂತಗನ್ನಡಿ, ಫೋಟೊ ಹಿಗ್ಗಿಸುವಿಕೆ, ವರ್ಷಗಟ್ಟಲೆ ಪಳಗಿದ ಕಣ್ಣು. ‘ನನ್ನ ಅನುಭವದ ಪ್ರಕಾರ’ ಎಂದು ಆರಂಭವಾಗುವ ಸಾಕ್ಷ್ಯ. ಹತ್ತಿರ ಹತ್ತಿರ ಇಡೀ ಇಪ್ಪತ್ತನೆಯ ಶತಮಾನ ಹೀಗೇ ನಡೆಯಿತು.

ಟಾಟಾ ಇನ್‌ಸ್ಟಿಟ್ಯೂಟಿನಿಂದ ಬಫಲೋಗೆ

1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡಾಬರ್ಟ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಔಷಧ ಕಂಪನಿಯೊಂದರ ಮೇಲಿನ ದಾವೆ ಅದು, ಕೈಬರಹಕ್ಕೆ ಸಂಬಂಧವೇ ಇಲ್ಲ. ಆದರೆ ವಿಜ್ಞಾನದ ಹೆಸರಿನಲ್ಲಿ ಬರುವ ಸಾಕ್ಷ್ಯವನ್ನು ಒಳಗೆ ಬಿಡುವ ಮುನ್ನ ನ್ಯಾಯಾಧೀಶರು ಕೇಳಬೇಕಾದ ಪ್ರಶ್ನೆಗಳನ್ನು ಅದು ಪಟ್ಟಿ ಮಾಡಿತು: ಇದನ್ನು ಪರೀಕ್ಷೆಗೆ ಒಡ್ಡಿದ್ದೀರಾ? ತಪ್ಪುವ ಪ್ರಮಾಣ ಎಷ್ಟು? ಕೈಬರಹದವರ ಬಳಿ ಉತ್ತರವಿರಲಿಲ್ಲ. 1995ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶರೊಬ್ಬರು, ಇದು ವಿಜ್ಞಾನವಲ್ಲ, ಬಂದರಿನೊಳಗೆ ಹಡಗು ನಡೆಸಿ ತರುವ ಪೈಲಟ್‌ನ ಹಾಗೆ ರೂಢಿಯಿಂದ ಬಂದ ಕುಶಲತೆ, ಆ ಲೆಕ್ಕದಲ್ಲಿ ಮಾತ್ರ ಕೇಳಿಸಿಕೊಳ್ಳೋಣ ಎಂದರು. ವೃತ್ತಿಯವರಿಗೆ ಇದು ನುಂಗಲೂ ಆಗದ, ಉಗುಳಲೂ ಆಗದ ತುತ್ತು.

ಉತ್ತರ ಹುಡುಕಲು ಕೂತವರಲ್ಲಿ ಮುಖ್ಯರು ಸರಗೂರು ಶ್ರೀಹರಿ. ಬೆಂಗಳೂರು ವಿಶ್ವವಿದ್ಯಾಲಯದ ಬಿಎಸ್‌ಸಿ. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಇಲ್ಲಿಯವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಎಂಜಿನಿಯರಿಂಗ್. ಆಮೇಲೆ ಓಹಾಯೊದಲ್ಲಿ ಪಿಎಚ್‌ಡಿ. ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ‘ಸೀಡರ್’ ಕೇಂದ್ರ ಮೊದಲು ಮಾಡಿದ್ದು ಅಂಚೆ ಇಲಾಖೆಯ ಕೆಲಸ. ಲಕೋಟೆಯ ಮೇಲೆ ಜನ ಕೈಯಲ್ಲಿ ಬರೆದ ವಿಳಾಸವನ್ನು ಯಂತ್ರವೇ ಓದಿ ವಿಂಗಡಿಸುವ ವ್ಯವಸ್ಥೆ 1990ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ಅಂಚೆಯಲ್ಲಿ ಓಡತೊಡಗಿತು.

ಅಂಚೆಯ ಯಂತ್ರಕ್ಕೆ ಬರೆದವನು ಯಾರಾದರೇನು? ಒಬ್ಬ ‘7’ಕ್ಕೆ ನಡುವೆ ಅಡ್ಡಗೆರೆ ಎಳೆಯುತ್ತಾನೆ, ಇನ್ನೊಬ್ಬ ಎಳೆಯುವುದಿಲ್ಲ, ಆ ವ್ಯತ್ಯಾಸವನ್ನೆಲ್ಲ ಒರೆಸಿಹಾಕಿ ‘7’ ಎಂದು ಓದುವುದೇ ಅದರ ಜಾಣತನ. ಹೀಗೆ ಒರೆಸಿಹಾಕುತ್ತಿದ್ದ ಕಸದಲ್ಲೇ ಅಪರಾಧ ಪತ್ತೆಯವರಿಗೆ ಬೇಕಾದ ಮಾಲು ಇತ್ತು. ಅದೇ ಯಂತ್ರವನ್ನು ತಿರುಗಿಸಿ ಹಿಡಿದರೆ ಸಾಕಿತ್ತು.

ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಹಣ ಕೊಟ್ಟಿತು. ಶ್ರೀಹರಿಯವರ ತಂಡ ಒಂದು ಪತ್ರ ತಯಾರಿಸಿತು. ಗೆಳತಿಯ ಕಾಯಿಲೆಯ ಬಗ್ಗೆ ವೈದ್ಯರಿಗೆ ಬರೆದ 156 ಪದಗಳ ಕಾಗದ. ಓದಿದರೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಅಪರೂಪದ ಹೆಸರುಗಳು, ಬೇಕಿಲ್ಲದ ಕಡೆ ಅಂಕೆಗಳು. ಕಾರಣವಿದೆ. ಇಂಗ್ಲಿಷಿನ ಪ್ರತಿ ಅಕ್ಷರವೂ ದೊಡ್ಡದಾಗಿ, ಸಣ್ಣದಾಗಿ, ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬರುವಂತೆ ಹೆಣೆದದ್ದು ಅದು. ಅಮೆರಿಕದ ಜನಸಂಖ್ಯೆಯ ವಯಸ್ಸು, ಲಿಂಗ, ಜನಾಂಗಗಳ ಪ್ರಮಾಣ ನೋಡಿಕೊಂಡು ಸುಮಾರು 1,500 ಮಂದಿಯಿಂದ, ಪ್ರತಿಯೊಬ್ಬರಿಂದ ಮೂರು ಸಲ, ಅದನ್ನು ಬರೆಸಿದರು. ಕೈಬರಹಕ್ಕೆ ಅಲ್ಲಿಯವರೆಗೆ ಇರದಿದ್ದ ಛೇದ, ಅಂದರೆ ‘ಯಾರಿಗೆ ಹೋಲಿಸಿ’ ಎಂಬುದಕ್ಕೆ ಒಂದು ನೆಲೆ, ಹೀಗೆ ಸಿಕ್ಕಿತು.

ಯಂತ್ರ ನೋಡುವ ರೀತಿ ಹೀಗೆ. ಮೊದಲು ಹಾಳೆಯನ್ನು ಕಪ್ಪು-ಬಿಳುಪು ಚುಕ್ಕಿಗಳಾಗಿ ಒಡೆಯುತ್ತದೆ. ಇಡೀ ಹಾಳೆಗೆ ಸೇರಿದ ಕೆಲವು ಅಳತೆಗಳನ್ನು ತೆಗೆಯುತ್ತದೆ: ಎಷ್ಟು ಕಪ್ಪು, ಗೆರೆ ಎಷ್ಟು ದಪ್ಪ, ಅಕ್ಷರ ಎಷ್ಟು ಓರೆ, ಎಷ್ಟು ಎತ್ತರ, ಲೇಖನಿ ಎಷ್ಟು ಮುರಿದು ಎಷ್ಟು ಹರಿದು ಓಡಿದೆ. ಬಳಿಕ ಒಂದೊಂದೇ ಅಕ್ಷರ. ಅಕ್ಷರವನ್ನು ಅಡ್ಡ ನಾಲ್ಕು, ಉದ್ದ ನಾಲ್ಕು, ಹದಿನಾರು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಗೆರೆ ಯಾವ ದಿಕ್ಕಿಗೆ ಹರಿದಿದೆ, ಮೂಲೆ ಇದೆಯೇ, ಗುಳಿ ಇದೆಯೇ, ರಂಧ್ರ ಇದೆಯೇ ಎಂದು 32 ‘ಹೌದು-ಇಲ್ಲ’ಗಳನ್ನು ಬರೆದುಕೊಳ್ಳುತ್ತದೆ. ಒಂದು ಅಕ್ಷರಕ್ಕೆ 512. ಎರಡು ಹಾಳೆಗಳ ‘ಎಂ’ಗಳ ಈ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟು ದೂರ, ಎಷ್ಟು ಹತ್ತಿರ ಎಂಬುದು ಒಂದು ಅಂಕೆಯಾಗಿ ಸಿಗುತ್ತದೆ.

ಪರ್ಸ್ ಮತ್ತು ಬರ್ಟಿಯೋ ಎಡವಿದ್ದು ಇಲ್ಲಿಂದ ಮುಂದೆ. ಹತ್ತಿರ ಇದ್ದರೆ ಏನಾಯಿತು? ಹೊಸ ಪದ್ಧತಿ ಎರಡು ಪ್ರಶ್ನೆ ಕೇಳುತ್ತದೆ. ಒಬ್ಬನೇ ಬರೆದಿದ್ದರೆ ಇಷ್ಟು ಹತ್ತಿರ ಬರುವ ಸಂಭವ ಎಷ್ಟು? ಬೇರೆ ಯಾರೋ ಬರೆದಿದ್ದೂ ಇಷ್ಟೇ ಹತ್ತಿರ ಬರುವ ಸಂಭವ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಸಾಕ್ಷ್ಯದ ತೂಕ. ಒಬ್ಬನೇ ಮನುಷ್ಯನ ಬರಹದೊಳಗಿನ ಏರುಪೇರು ಮೊದಲ ಪ್ರಶ್ನೆಯಲ್ಲಿ ಲೆಕ್ಕಕ್ಕೆ ಬಂತು. ಅದಕ್ಕೇ ಮೂರು ಸಲ ಬರೆಸಿದ್ದು. ಎರಡನೆಯ ಪ್ರಶ್ನೆಗೆ ಆ 1,500 ಮಂದಿ.

2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬರೆದವರನ್ನು ಪತ್ತೆಹಚ್ಚುವುದರಲ್ಲಿ ಯಂತ್ರ ಶೇ 98ರಷ್ಟು ಸರಿ. ಎರಡು ಹಾಳೆ ಕೊಟ್ಟು ‘ಒಂದೇ ಕೈಯೇ, ಬೇರೆಯೇ’ ಎಂದರೆ ಶೇ 96ರಷ್ಟು. ಪತ್ರಿಕೆಗಳು ಇದನ್ನು ಕೊಂಡಾಡಿದವು. ಆದರೆ ಆ 1,500 ಮಂದಿ ಸಹಜವಾಗಿ, ಆರಾಮಾಗಿ, ಒಂದೇ ವಿಷಯವನ್ನು ಬರೆದವರು. ಬೆದರಿಕೆ ಪತ್ರ ಬರೆಯುವವನು ಎಡಗೈಯಲ್ಲಿ ಬರೆಯುತ್ತಾನೆ, ವಿಲ್ ತಿದ್ದುವವನು ಅಜ್ಜನ ಸಹಿಯನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾನೆ. ಆ ಜನ ಈ ಸಂಗ್ರಹದಲ್ಲಿಲ್ಲ. ಅಮೆರಿಕದ ವಿಜ್ಞಾನ ಅಕಾಡೆಮಿ 2009ರಲ್ಲಿ ಫೊರೆನ್ಸಿಕ್ ವಿಜ್ಞಾನದ ಮೇಲೆ ಕೊಟ್ಟ ಕಟು ವರದಿ ಕೂಡ ಇದನ್ನೇ ಹೇಳಿತು: ಬೇಕೆಂದು ಮರೆಮಾಚದ, ನಕಲು ಮಾಡದ ಬರಹದ ಮಟ್ಟಿಗೆ ಈ ಹೋಲಿಕೆಗೆ ವೈಜ್ಞಾನಿಕ ನೆಲೆ ಇದ್ದೀತು. ಆ ವರದಿ ಬರೆದ ಸಮಿತಿಯ ಸದಸ್ಯರಲ್ಲಿ ಶ್ರೀಹರಿಯವರೂ ಒಬ್ಬರು. ತಮ್ಮದೇ ಕ್ಷೇತ್ರದ ಬಗ್ಗೆ ಇಷ್ಟು ಅಳೆದು ತೂಗಿ ಆಡುವ ಮಾತಿಗೆ ಸಹಿ ಹಾಕಿದ್ದು ನನಗೆ ಅವರ 98ಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2022ರಲ್ಲಿ ಅವರು ತೀರಿಕೊಂಡರು.

ಕಣ್ಣಿಗೂ ಪರೀಕ್ಷೆ

ಯಂತ್ರವನ್ನು ಅಳೆದ ಮೇಲೆ ಮನುಷ್ಯರನ್ನು ಅಳೆಯದೆ ಬಿಡುವುದು ಹೇಗೆ? ಸಂಶೋಧಕ ಮೋಶೆ ಕಾಮ್ ಅವರ ತಂಡ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬೇರೆಯವರ ಬರಹವನ್ನು ಒಬ್ಬನದೇ ಎಂದು ತಪ್ಪಾಗಿ ಕಟ್ಟಿದ್ದು ವೃತ್ತಿಪರರಲ್ಲಿ ಶೇ 6.5, ಸಾಮಾನ್ಯರಲ್ಲಿ ಶೇ 38.3. ತಜ್ಞತೆ ಎಂಬುದು ಇದೆ, ಅದು ಬರೀ ಬೊಗಳೆಯಲ್ಲ ಎಂದು ತಿಳಿಯಿತು. 2022ರಲ್ಲಿ ಇನ್ನೂ ದೊಡ್ಡ ಪರೀಕ್ಷೆ: 86 ತಜ್ಞರು, 180 ಹೋಲಿಕೆಗಳು, 7,196 ತೀರ್ಮಾನಗಳು. ಬೇರೆಯವರದನ್ನು ‘ಇವನದೇ’ ಎಂದದ್ದು ಶೇ 3.1. ಅವನದೇ ಆಗಿದ್ದನ್ನು ‘ಅಲ್ಲ’ ಎಂದದ್ದು ಶೇ 1.1. ಅವಳಿಗಳ ಬರಹ ಬಂದಾಗ ಮೊದಲ ಬಗೆಯ ತಪ್ಪು ಶೇ 8.7ಕ್ಕೆ ಏರಿತು. (ಶ್ರೀಹರಿ ಅವರೂ 206 ಜೋಡಿ ಅವಳಿಗಳ ಬರಹವನ್ನು ಯಂತ್ರಕ್ಕೆ ಕೊಟ್ಟು ನೋಡಿದ್ದರು. ಅದೂ ಅಲ್ಲೇ ಮುಗ್ಗರಿಸಿತು.)

ಈ ಪರೀಕ್ಷೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಎರಡು ವರ್ಷದ ಕ್ರಮಬದ್ಧ ತರಬೇತಿ ಪಡೆಯದವರು ಹೆಚ್ಚು ತಪ್ಪು ಮಾಡಿದರು. ಸರಿಯನ್ನೂ ಹೆಚ್ಚು ಹೇಳಿದರು. ಏಕೆಂದರೆ ಅವರು ‘ಹೌದು’ ಅಥವಾ ‘ಅಲ್ಲ’ ಎಂದು ಧೈರ್ಯವಾಗಿ ಹೇಳಿಬಿಡುತ್ತಿದ್ದರು. ಪಳಗಿದವರು ‘ಇರಬಹುದು’, ‘ಹೇಳಲಾಗದು’ಗಳಲ್ಲಿ ನಿಲ್ಲುತ್ತಿದ್ದರು. ಕೋರ್ಟಿನಲ್ಲಿ ವಕೀಲರಿಗೆ ಯಾರು ಇಷ್ಟವಾಗುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಯಂತ್ರ ಈ ವಿಷಯದಲ್ಲಿ ಪಳಗಿದವರ ಪಂಗಡ. ಇಸ್ರೇಲಿನ ಅರಾದ್ ಕೋಟೆಯಲ್ಲಿ ಸಿಕ್ಕ, ಕ್ರಿಸ್ತಪೂರ್ವ 600ರ ಸುಮಾರಿನ ಮಡಕೆ ಚೂರುಗಳ ಮೇಲಿನ ಮಸಿಬರಹವನ್ನು ಟೆಲ್ ಅವೀವ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದರು. 2016ರಲ್ಲಿ 16 ಬರಹಗಳನ್ನು ನೋಡಿದ ಅಲ್ಗಾರಿದಂ, ಕಡೇ ಪಕ್ಷ ಆರು ಕೈಗಳಿವೆ ಎಂದಿತು. 2020ರಲ್ಲಿ 18 ಬರಹಗಳನ್ನು ಇಸ್ರೇಲ್ ಪೊಲೀಸ್ ಇಲಾಖೆಯಲ್ಲಿ ದುಡಿದಿದ್ದ ಕೈಬರಹ ತಜ್ಞೆಯೊಬ್ಬರಿಗೆ ಕೊಟ್ಟರು. ಅವರು ಕಂಡದ್ದು 12 ಕೈಗಳು. ದೂರದ ಗಡಿಕೋಟೆಯಲ್ಲಿ ಅಷ್ಟು ಜನಕ್ಕೆ ಅಕ್ಷರ ಬರುತ್ತಿತ್ತು ಎಂಬುದು ಇತಿಹಾಸದವರಿಗೆ ದೊಡ್ಡ ಸುದ್ದಿ. ನಮಗೆ ಬೇಕಾದದ್ದು ‘ಕಡೇ ಪಕ್ಷ’ ಎಂಬ ಆ ಎರಡು ಪದ.

ಆದರೆ ಯಂತ್ರ ಕಾಣದ್ದೂ ಬಹಳ ಇದೆ. ಸ್ಕ್ಯಾನರ್ ಕೊಡುವುದು ಚಪ್ಪಟೆ ಚಿತ್ರ. ಲೇಖನಿ ಒತ್ತಿದ ಹಳ್ಳ, ನಿಂತು ಮತ್ತೆ ಹೊರಟ ಕಡೆ ಮಸಿಯ ಗಂಟು, ಎರಡು ಗೆರೆ ಕೂಡಿದಲ್ಲಿ ಯಾವುದು ಮೊದಲು, ಕೆಳಗಿನ ಹಾಳೆಯಲ್ಲಿ ಮೂಡಿದ ಅಚ್ಚು, ಇವೆಲ್ಲ ಅದಕ್ಕೆ ಕುರುಡು. ನಕಲಿ ಸಹಿ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಆಕಾರ ಚೆನ್ನಾಗಿಯೇ ಕೂತಿರುತ್ತದೆ, ಓಟ ಇರುವುದಿಲ್ಲ. ನಿಧಾನವಾಗಿ ಚಿತ್ರ ಬರೆದಂತೆ ಎಳೆದ ಗೆರೆಯ ಅಂಚಿನಲ್ಲಿ ಸಣ್ಣ ನಡುಕ ಉಳಿಯುತ್ತದೆ.

ಇನ್ನು, ಹೋಲಿಸಲು ಕೊಟ್ಟ ಮಾದರಿಯೇ ಸುಳ್ಳಾದರೆ? 1983ರಲ್ಲಿ ಜರ್ಮನಿಯ ‘ಷ್ಟೆರ್ನ್’ ಪತ್ರಿಕೆ ಹಿಟ್ಲರನ ದಿನಚರಿ ಸಿಕ್ಕಿತೆಂದು ಸಾರಿತು. ಪ್ರಸಿದ್ಧ ಕೈಬರಹ ತಜ್ಞರು ನೋಡಿ ‘ಒಂದೇ ಕೈ’ ಎಂದಿದ್ದರು. ಅವರು ಹೇಳಿದ್ದು ಒಂದು ಅರ್ಥದಲ್ಲಿ ಸರಿಯೇ. ಹಿಟ್ಲರನದೆಂದು ಅವರಿಗೆ ಕೊಟ್ಟ ಮಾದರಿಗಳಲ್ಲೂ ಕೆಲವನ್ನು ಬರೆದದ್ದು ದಿನಚರಿ ಬರೆದ ಕೊನ್ರಾಡ್ ಕುಯಾವ್ ಎಂಬ ನಕಲಿಕೋರನೇ. ಕಾಗದದಲ್ಲಿ ಯುದ್ಧದ ನಂತರ ಬಳಕೆಗೆ ಬಂದ ಬಿಳುಪಿನ ರಾಸಾಯನಿಕ ಇದೆ ಎಂದು ಪ್ರಯೋಗಾಲಯ ಹೇಳಿದ ಮೇಲೆ ಬಣ್ಣ ಬಯಲಾಯಿತು. ಅಂಥ ಮಾದರಿ ಕೊಟ್ಟಿದ್ದರೆ ಯಾವ ಕಂಪ್ಯೂಟರೂ ಅದೇ ತಪ್ಪನ್ನು ಇನ್ನೂ ಬೇಗ ಮಾಡುತ್ತಿತ್ತು.

ಈಚಿನ ನರಜಾಲ ತಂತ್ರಗಳ ಬಗ್ಗೆ ಒಂದು ಮಾತು. ಎರಡು ಮುಖ ಒಬ್ಬರದೇ ಎಂದು ಹೇಳುವ ಅವಳಿ ಜಾಲಗಳು ಇಂದು ಎಲ್ಲೆಲ್ಲೂ ಇವೆ. 1993ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆ ಉಪಾಯ ಹುಟ್ಟಿದ್ದೇ ಸಹಿಗಳನ್ನು ಹೋಲಿಸಲು. ಇವಕ್ಕೆ ಯಾವ ಅಳತೆ ತೆಗೆಯಬೇಕೆಂದು ಹೇಳಿಕೊಡಬೇಕಿಲ್ಲ, ತಾವೇ ಕಲಿಯುತ್ತವೆ. ಅಂಕ ಚೆನ್ನಾಗಿಯೇ ಗಳಿಸುತ್ತವೆ. ಆದರೆ ಪಾಟಿ ಸವಾಲಿನಲ್ಲಿ ವಕೀಲರು ‘ಯಾವ ಅಕ್ಷರ ನೋಡಿ ಹೀಗೆ ಹೇಳಿದಿರಿ?’ ಎಂದರೆ ಉತ್ತರವಿಲ್ಲ. ಶ್ರೀಹರಿಯವರ ತಂಡ ಕೊನೆಯ ವರ್ಷಗಳಲ್ಲಿ, ತೀರ್ಮಾನದ ಜೊತೆಗೆ ಕಾರಣವನ್ನೂ ಹೇಳುವ ಜಾಲ ಕಟ್ಟಲು ಕೂತದ್ದು ಇದಕ್ಕಾಗಿಯೇ. ಕಾರಣ ಹೇಳದ ತಜ್ಞನನ್ನು ನಮ್ಮ ಕೋರ್ಟುಗಳು ಒಪ್ಪುವುದಿಲ್ಲ; ಯಂತ್ರಕ್ಕೆ ಏಕೆ ರಿಯಾಯಿತಿ?

ನಮ್ಮಲ್ಲಿ

ಭಾರತದಲ್ಲಿ ಈ ವೃತ್ತಿ ಹುಟ್ಟಿದ್ದು ಬ್ರಿಟಿಷರ ಭಯದಿಂದ. ಸ್ವಾತಂತ್ರ್ಯ ಹೋರಾಟಗಾರರ ಗುಪ್ತ ಕಾಗದಗಳನ್ನು ಬರೆದವರು ಯಾರೆಂದು ತಿಳಿಯಲು ಬಂಗಾಳ ಸರ್ಕಾರ 1904ರಲ್ಲಿ ಕೈಬರಹ ತಜ್ಞರ ಹುದ್ದೆ ಮಾಡಿತು. 1906ರಲ್ಲಿ ಅದು ಶಿಮ್ಲಾಕ್ಕೆ ಹೋಯಿತು. ಇಂದಿಗೂ ಶಿಮ್ಲಾ, ಕೋಲ್ಕತ್ತ, ಹೈದರಾಬಾದ್ ಈ ಕೆಲಸಕ್ಕೆ ಹೆಸರಾದ ಊರುಗಳು. ನಮ್ಮ ರಾಜ್ಯದ ಪ್ರಕರಣಗಳಿಗೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಪ್ರಯೋಗಾಲಯಕ್ಕೆ ಹೋಗುವ ಹಾಳೆಗಳ ಮೇಲೆ ‘ಕ್ಯೂ-1’ ಎಂದಿದ್ದರೆ ಅದು ತಕರಾರಿನ ಬರಹ, ‘ಎಸ್-1’ ಎಂದರೆ ಎದುರಿಗೆ ಕೂರಿಸಿ ಬರೆಸಿಕೊಂಡದ್ದು, ‘ಎ-1’ ಎಂದರೆ ಅವನದೇ ಎಂದು ಒಪ್ಪಿಕೊಂಡ ಹಳೆಯ ಬರಹ. ಬಲ್ಲವರಿಗೆ ‘ಎ’ ಮೇಲೆ ನೆಚ್ಚಿಕೆ ಹೆಚ್ಚು. ಪೊಲೀಸರ ಮುಂದೆ ಕೂತು ಬರೆಯುವವನು ತನ್ನ ಕೈಯಲ್ಲೇ ಬರೆಯುತ್ತಾನೆಂದು ನಂಬುವುದು ಕಷ್ಟ.

ಹಾಗೆ ಬರೆಸಿಕೊಳ್ಳುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ಹೇಳಿಸಿದಂತಲ್ಲ ಎಂದು ಸುಪ್ರೀಂ ಕೋರ್ಟು 1961ರಲ್ಲೇ ಹೇಳಿದೆ. ತಜ್ಞರ ಅಭಿಪ್ರಾಯದ ಬಗ್ಗೆ 1979ರ ಮುರಾರಿ ಲಾಲ್ ತೀರ್ಪು ಇಂದಿಗೂ ದಾರಿದೀಪ. ಕೈಬರಹದ ವಿಜ್ಞಾನ ಬೆರಳಚ್ಚಿನಷ್ಟು ಪಕ್ವವಲ್ಲ, ಎಚ್ಚರ ಬೇಕು; ಹಾಗೆಂದು ಬೇರೆ ಆಧಾರವಿಲ್ಲದೆ ನಂಬಲೇಬಾರದು ಎಂಬ ಕಟ್ಟುನಿಟ್ಟಿನ ನಿಯಮವೂ ಇಲ್ಲ ಎಂದರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ನ್ಯಾಯಾಧೀಶರೇ ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರ 1872ರ ಸಾಕ್ಷ್ಯ ಕಾಯ್ದೆಯ 73ನೇ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 72ನೇ ಕಲಮು. ತಪ್ಪುವ ಪ್ರಮಾಣ ಎಷ್ಟು ಎಂಬ ಡಾಬರ್ಟ್ ಪ್ರಶ್ನೆ ಮಾತ್ರ ಈ ಕಲಮುಗಳಲ್ಲಿ ಇಲ್ಲ.

ಅತ್ತ ಬ್ಯಾಂಕುಗಳಲ್ಲಿ ಅಸಲಿ ಕಾಗದ ನೋಡುವ ರೂಢಿಯೇ ಹೋಗಿದೆ. ಚೆಕ್ಕು ವಿಲೇವಾರಿಯ ಸಿಟಿಎಸ್ ಪದ್ಧತಿ ಬಂದಮೇಲೆ ಚೆಕ್ಕು ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುವುದು ಅದರ ಚಿತ್ರ. ಪರದೆಯ ಮೇಲಿನ ಸಹಿಯಲ್ಲಿ ಒತ್ತಡವನ್ನೂ ನಡುಕವನ್ನೂ ಹುಡುಕುವ ಮಾತೇ ಇಲ್ಲ. 2021ರಿಂದ 50,000 ರೂಪಾಯಿ ಮತ್ತು ಅದಕ್ಕೆ ಮೀರಿದ ಚೆಕ್ಕುಗಳಿಗೆ ‘ಪಾಸಿಟಿವ್ ಪೇ’ ಬಂದದ್ದು, ಚೆಕ್ಕು ಬರೆದವರೇ ಮುಂಚೆಯೇ ವಿವರ ತಿಳಿಸುವ ಏರ್ಪಾಡು ಆದದ್ದು, ಸಹಿಯೊಂದನ್ನೇ ನಂಬಿ ಕೂರಲಾಗದು ಎಂಬ ಒಪ್ಪಿಗೆಯೇ.

ಇಷ್ಟೆಲ್ಲದರ ನಡುವೆ ಕನ್ನಡದ ಗತಿ ಏನು? ತಾಲ್ಲೂಕು ಕೋರ್ಟಿನ ತಕರಾರುಗಳು ಇಂಗ್ಲಿಷ್ ‘ಎಂ’ ಮೇಲೆ ನಿಂತಿಲ್ಲ. ಕ್ರಯಪತ್ರ, ವಿಭಾಗಪತ್ರ, ಕೈಸಾಲದ ಚೀಟಿ, ಸಾಯುವ ಮುನ್ನ ಬರೆದಿಟ್ಟ ಕಾಗದ ಎಲ್ಲವೂ ಕನ್ನಡದಲ್ಲಿರುತ್ತವೆ. ಎಷ್ಟೋ ಸಲ ಬರಹ ಕನ್ನಡದ್ದು, ಅದೇ ಮನುಷ್ಯನ ಬ್ಯಾಂಕಿನ ಸಹಿ ಇಂಗ್ಲಿಷಿನದು. ಒಂದಕ್ಕೊಂದು ಹೋಲಿಸಲು ಬರುವುದೇ ಇಲ್ಲ.

ಕನ್ನಡದ ಕೈಯಲ್ಲಿ ವ್ಯಕ್ತಿಯ ಗುರುತು ಕಡಿಮೆಯೇನಿಲ್ಲ. ತಲೆಕಟ್ಟನ್ನು ಒಬ್ಬರು ಕೊಕ್ಕೆಯಂತೆ ಎಳೆದರೆ ಇನ್ನೊಬ್ಬರು ಬರೀ ಒಂದು ಗೀಟು ಹಾಕುತ್ತಾರೆ, ಅವಸರದವರು ಬಿಟ್ಟೇಬಿಡುತ್ತಾರೆ. ಒತ್ತಕ್ಷರ ಕೆಲವರಲ್ಲಿ ನೇರ ಕೆಳಗೆ, ಕೆಲವರಲ್ಲಿ ಬಲಕ್ಕೆ ಸರಿದು ಮುಂದಿನ ಅಕ್ಷರದ ಕಾಲಿಗೆ ತಾಗಿಕೊಂಡಿರುತ್ತದೆ. ದೀರ್ಘದ ಬಾಲ, ಕೊಂಬಿನ ತಿರುವು, ಸೊನ್ನೆ ಮುಚ್ಚಿದೆಯೋ ಬಾಯಿ ತೆರೆದಿದೆಯೋ, ಅರ್ಕಾವತ್ತು ಬಳಸುವ ಹಿರಿಯರೋ ಬಳಸದ ಕಿರಿಯರೋ. ಕನ್ನಡದ ಅಕ್ಷರಗಳು ಇಂಗ್ಲಿಷಿನ ಕೂಡಕ್ಷರದಂತೆ ಕೈಹಿಡಿದು ನಡೆಯುವುದಿಲ್ಲವಾದ್ದರಿಂದ ಲೇಖನಿ ಎತ್ತುವ ಜಾಗಗಳೂ ಹೆಚ್ಚು. ತಜ್ಞರ ಕಣ್ಣಿಗೆ ಇದೆಲ್ಲ ಸುಗ್ಗಿ.

ಯಂತ್ರಕ್ಕೆ ಇದೇ ತಲೆನೋವು. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಜೋತು, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರಿ, ಎರಡೂ ಒಂದಕ್ಕೊಂದು ತಗುಲಿಕೊಂಡರೆ ಸಾಲನ್ನು ಬೇರ್ಪಡಿಸುವುದರಲ್ಲೇ ಅದು ಸೋಲುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅಲೈ, ನಾಗಭೂಷಣ್, ಜೊತೆಗೆ ಕೋಲ್ಕತ್ತದ ಉಮಾಪದ ಪಾಲ್ 2011ರಲ್ಲಿ ಪ್ರಕಟಿಸಿದ ಕನ್ನಡ ಕೈಬರಹದ ಸಂಗ್ರಹ ಈ ಸಾಲು ಬಿಡಿಸುವ ಕೆಲಸಕ್ಕಾಗಿಯೇ ಮಾಡಿದ್ದು. 51 ಮಂದಿ ಬರೆದ 204 ಹಾಳೆಗಳು, 4,298 ಸಾಲುಗಳು. ಒಳ್ಳೆಯ ಕೆಲಸ. ಕನ್ನಡ ಅಂಕೆಗಳಿಗೆ 2019ರಲ್ಲಿ ವಿನಯ್ ಪ್ರಭು ಬೆಂಗಳೂರಿನ 65 ಮಂದಿಯಿಂದ ಬರೆಸಿ ಮಾಡಿದ ಸಂಗ್ರಹ ಇನ್ನೊಂದು. ಎರಡೂ ‘ಏನು ಬರೆದಿದೆ’ ಎಂದು ಯಂತ್ರಕ್ಕೆ ಕಲಿಸಲು, ಅಂಚೆಯ ದಾರಿಯಲ್ಲಿ. ‘ಯಾರು ಬರೆದದ್ದು’ ಎಂದು ಕೋರ್ಟಿನಲ್ಲಿ ಹೇಳಲು 51 ಆಗಲಿ 65 ಆಗಲಿ ಸಾಲದು.

‘ಬೇರೆ ಯಾರೋ ಬರೆದಿದ್ದರೆ’ ಎಂಬ ಆ ಎರಡನೆಯ ಪ್ರಶ್ನೆಯಲ್ಲಿ ಬರುವ ‘ಬೇರೆ ಯಾರೋ’ ಕನ್ನಡದ ಮಟ್ಟಿಗೆ ಯಾರು? ಬಳಪ ಹಿಡಿದು ತಿದ್ದಿದ ಎಪ್ಪತ್ತರ ಅಜ್ಜ, ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ದ್ವಿತೀಯ ಭಾಷೆಯಾಗಿ ಬರೆದ ಮೊಮ್ಮಗ, ಮರಾಠಿ ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಕಲಿತ ಬೆಳಗಾವಿಯವರು, ಮಲಯಾಳವನ್ನೂ ಬರೆಯುವ ಕಾಸರಗೋಡಿನವರು, ಉಪನೋಂದಣಾಧಿಕಾರಿ ಕಚೇರಿಯ ಮುಂದೆ ದಿನವೂ ಒಂದೇ ಒಕ್ಕಣೆ ಬರೆಯುವ ಪತ್ರ ಬರಹಗಾರರು. ಒಂದೇ ಊರಲ್ಲಿ, ಒಬ್ಬರೇ ಮೇಷ್ಟರ ಕೈಕೆಳಗೆ ಕಾಪಿ ಬರೆದವರ ಅಕ್ಷರಗಳು ತಮ್ಮತಮ್ಮಲ್ಲಿ ಹೋಲುತ್ತವೆ. ವಿಲ್ ತಿದ್ದುವವರು ಹೆಚ್ಚಾಗಿ ಅದೇ ಊರಿನವರೇ, ಅದೇ ಮನೆಯವರೇ. ಅಮೆರಿಕದ 1,500 ಕೈಗಳ ಮೇಲೆ ತಯಾರಾದ ಸಾಫ್ಟ್‌ವೇರ್ ಕನ್ನಡದ ‘ಮ’ಕ್ಕೆ ಶೇ 98 ಎಂದರೆ ಆ ಅಂಕೆಗೆ ಬರ್ಟಿಯೋನ ಅಂಕೆಗಿಂತ ಹೆಚ್ಚಿನ ಬೆಲೆ ಇಲ್ಲ.

ಕೆಲಸ ಶುರುವಾಗಬೇಕಾದರೆ ಮೊದಲು ಬೇಕಾದದ್ದು ಬಫಲೋದಲ್ಲಿ ಹೆಣೆದಂಥ ಒಂದು ಪತ್ರ. ಇಂಗ್ಲಿಷಿನಲ್ಲಿ 26 ದೊಡ್ಡಕ್ಷರ, 26 ಸಣ್ಣಕ್ಷರ, 10 ಅಂಕೆ ಎಂದರೆ ಮುಗಿಯಿತು. ಕನ್ನಡದ 34 ವ್ಯಂಜನಗಳ ಕಾಗುಣಿತ ನೂರಾರು. ಒತ್ತು ಸೇರಿದರೆ ಕಾಗದದ ಮೇಲಿನ ಲೆಕ್ಕಕ್ಕೆ 1,156 ಜೋಡಿ, ಮೂರಕ್ಷರ ಕೂಡುವ ‘ಸ್ತ್ರೀ’, ‘ರಾಷ್ಟ್ರ’ಗಳು ಬೇರೆ. ಎಲ್ಲವನ್ನೂ ಒಂದು ಪುಟದಲ್ಲಿ ತುಂಬಲಾಗದು, ತುಂಬಬೇಕಾಗಿಯೂ ಇಲ್ಲ; ‘ಙ’ ಬರೆದು ಸಿಕ್ಕಿಬಿದ್ದ ಅಪರಾಧಿ ಯಾರೂ ಇರಲಾರ. ಜನ ದಿನವೂ ಬರೆಯುವ ‘ಲ್ಲಿ’, ‘ತ್ತ’, ‘ನ್ನು’, ‘ದ್ದ’ಗಳು ಹಲವು ಸಲ ಬರಬೇಕು, ಹೆಸರು, ಸರ್ವೆ ನಂಬರು, ರೂಪಾಯಿ ಮೊತ್ತ ಅಕ್ಷರದಲ್ಲೂ ಅಂಕೆಯಲ್ಲೂ ಬರಬೇಕು. ಅದಕ್ಕೆ ಲಿಪಿ ಬಲ್ಲವರು, ಸಂಖ್ಯಾಶಾಸ್ತ್ರ ಬಲ್ಲವರು, ಮಡಿವಾಳದ ಮೇಜಿನ ಮೇಲೆ ನಿಜವಾಗಿ ಬರುವ ಕಾಗದಗಳನ್ನು ಬಲ್ಲವರು ಒಟ್ಟಿಗೆ ಕೂರಬೇಕು. ಜಿಲ್ಲೆ, ವಯಸ್ಸು, ಓದಿದ ಮಾಧ್ಯಮ ನೋಡಿ ಜನರನ್ನು ಆರಿಸಿ ಮೂರು ಸಲ ಸಹಜವಾಗಿ, ಒಂದು ಸಲ ಬೇಕೆಂದೇ ಕೈ ಬದಲಿಸಿ ಬರೆಸಬೇಕು. ಬೇಗ ಬರೆಸಬೇಕು, ಎಪ್ಪತ್ತು ದಾಟಿದವರಿಂದ ಮೊದಲು.